ಬಾಗಿಲು ಕೆರೆಯುವ ನಾಯಿ, ಬಾಗಿಲಲ್ಲಿ ನಿಂತ ಮಾಲಕಿ

ನಿಮಗೆ ದೇವಿಕೊಪ್ಪದ ಶಾಲೆಗೆ ವರ್ಗವಾಗಿದೆ ಅಂದುಕೊಳ್ಳಿ. ಹುಬ್ಬಳ್ಳಿಯಿಂದ ಹೊರಟು ಕಲಘಟಗಿ ದಾಟಿ ಯಲ್ಲಾಪುರದ ಕಡೆ ಹೋಗುವಾಗ ಕಾಡು ಹತ್ತಿರವಾಗುವ ಊರದು. ನಾಲ್ಕು ಕಡೆ ಕೇಳಿ, ಐದನೆಯ ಕಡೆ ಬಾಡಿಗೆ ಮನೆ ಸಿಕ್ಕಿದೆ. ಹಂಚಿನ ಮಾಡು, ಮುಂದೆ ಕಟ್ಟೆ, ಒಳಗೆ ಪಡಸಾಲೆ, ಹಿಂದೆ ಹಿತ್ತಲು. ಮುಂಬಾಗಿಲು ಹಳೆಯ ಸಾಗುವಾನಿಯದು. ಮಾಲಕಿ ಪಕ್ಕದ ಮನೆಯಲ್ಲೇ ಇದ್ದಾರೆ. ನಾಯಿ ಇದೆ ಅಂತ ಮೊದಲೇ ಹೇಳಿದ್ದೀರಿ. 'ಇರಲಿ ಬಿಡ್ರಿ, ಮನಿಗೊಂದು ಕಾವಲ ಆತು' ಎಂದು ಅವರೂ ಒಪ್ಪಿದ್ದಾರೆ. ಅಲ್ಲಿಗೆ ಎಲ್ಲ ಸುಸೂತ್ರ ಎಂದುಕೊಂಡಿರಿ, ಅಲ್ಲವೇ?

ಒಂದು ವಾರ ಕಳೆದಿಲ್ಲ. ಸಂಜೆ ಶಾಲೆ ಮುಗಿಸಿ ಬರುತ್ತೀರಿ. ಮಾಲಕಿ ಬಾಗಿಲಲ್ಲೇ ನಿಂತಿದ್ದಾರೆ.

'ಏನ್ರೀ ಅಕ್ಕೋರ, ನಿಮ್ಮ ನಾಯಿ ಕದಾ ಕೆರಿಯೋದು ನಮ್ಮ ಅಡಗಿಮನಿತನಾ ಕೇಳಸ್ತೈತಿ. ನಮ್ಮ ಮಾವನೋರು ಕಟಗಿ ಆರಿಸಿ ತಂದು ಮಾಡಿಸಿದ ಕದಾರಿ ಇದು. ನಾಯಿ ಬಿಡ್ತೀರೋ, ಮನಿ ಬಿಡ್ತೀರೋ, ನೀವ ನೋಡ್ರಿ.'

ಬೀಗ ತೆಗೆದು ಒಳಗೆ ಹೋದರೆ ಬಾಗಿಲಿನ ಕೆಳಭಾಗದಲ್ಲಿ ಬಿಳಿ ಬಿಳಿ ಗೀರು. ನೆಲದ ಮೇಲೆ ಕಟ್ಟಿಗೆಯ ಪುಡಿ. ನಿಮ್ಮ ನಾಯಿ, ಅದರ ಹೆಸರು ಮೋತಿ ಅಂತಿಟ್ಟುಕೊಳ್ಳೋಣ, ಹತ್ತು ವರ್ಷದ ನಂತರ ಕಂಡವರ ಹಾಗೆ ನಿಮ್ಮ ಸೀರೆಯ ನಿರಿಗೆಗೆ ಸುತ್ತಿಕೊಳ್ಳುತ್ತದೆ. ನಿಮಗೋ ಸಿಟ್ಟು ನೆತ್ತಿಗೇರಿದೆ. ಕೈ ಎತ್ತುವ ಮೊದಲು ಒಮ್ಮೆ ಅದರ ಮುಂಗಾಲು ನೋಡಿ. ಎರಡು ಉಗುರು ಸೀಳಿ ರಕ್ತ ಬಂದಿದೆ.

ಯಾವ ಪ್ರಾಣಿಯಾದರೂ ಬರೀ ತುಂಟತನಕ್ಕೆ ತನ್ನ ಉಗುರನ್ನೇ ಕಿತ್ತುಕೊಳ್ಳುತ್ತದೆಯೇ? ಈ ಪ್ರಶ್ನೆಯಿಂದಲೇ ಶುರು ಮಾಡೋಣ.

ಹಟವಲ್ಲ, ಹೆದರಿಕೆ

ಮನೆಯಲ್ಲಿದ್ದಷ್ಟು ಹೊತ್ತೂ ಬೆನ್ನಿಗೆ ಬಿದ್ದು ತಿರುಗುವ ನಾಯಿಗಳಿವೆ. ನೀವು ಅಡುಗೆ ಮನೆಗೆ ಹೋದರೆ ಅಡುಗೆ ಮನೆಗೆ, ಬಚ್ಚಲಿಗೆ ಹೋದರೆ ಬಚ್ಚಲ ಬಾಗಿಲಿಗೆ. ಇದೊಂದೇ ಆದರೆ ಚಿಂತೆಯಿಲ್ಲ, ಪ್ರೀತಿ ಎಂದು ಸುಮ್ಮನಿರಬಹುದು. ಆದರೆ ನೀವು ಹೊರಗೆ ಹೋದ ತಕ್ಷಣ ಏದುಸಿರು ಬಿಡುವುದು, ಜೊಲ್ಲು ಸುರಿಸುವುದು, ಊಳಿಡುವುದು, ಮನೆಯೊಳಗೇ ಉಚ್ಚೆ ಮಾಡುವುದು, ಬಾಗಿಲು ಕಿಟಕಿ ಕೆರೆಯುವುದು ಎಲ್ಲ ಒಟ್ಟಿಗೆ ಕಂಡರೆ ಅದು ಅಗಲಿಕೆಯ ಭಯ. ಪಶುವೈದ್ಯರು ಇದನ್ನು 'ಸೆಪರೇಷನ್ ಆಂಗ್ಸೈಟಿ' ಎನ್ನುತ್ತಾರೆ.

ಇದಕ್ಕೊಂದು ಗುರುತಿದೆ. ಬೇಸರ ಬಂದ ನಾಯಿ ಚಪ್ಪಲಿ, ದಿಂಬು, ಪೇಪರ್, ಕೈಗೆ ಸಿಕ್ಕಿದ್ದನ್ನೆಲ್ಲ ಹರಿದು ಹಾಕುತ್ತದೆ. ಹೆದರಿದ ನಾಯಿಯ ಗಮನವೆಲ್ಲ ಹೊರಹೋಗುವ ದಾರಿಯ ಮೇಲೆ. ನೀವು ಯಾವ ಬಾಗಿಲಿನಿಂದ ಹೋದಿರೋ ಅದೇ ಬಾಗಿಲು, ಅಥವಾ ನೀವು ಕಾಣುವ ಕಿಟಕಿ. ಅದಕ್ಕೆ ನಿಮ್ಮ ಸಾಗುವಾನಿಯ ಮೇಲೆ ದ್ವೇಷವಿಲ್ಲ. ಬಾಗಿಲಾಚೆ ನೀವಿದ್ದೀರಿ, ಅಷ್ಟೇ!

ಊರು ಬದಲಾದಾಗ ಈ ಭಯ ಮೂಡುವುದು, ಇದ್ದದ್ದು ಹೆಚ್ಚುವುದು ಸಾಮಾನ್ಯ. ಮೋತಿಗೆ ವಾಸನೆ ಹೊಸದು, ಸದ್ದು ಹೊಸದು, ಗೊತ್ತಿರುವ ಒಂದೇ ಗುರುತು ನೀವು. ಮಗಳು ಮದುವೆಯಾಗಿ ಹೋದಾಗ, ಮಗ ಹಾಸ್ಟೆಲ್ ಸೇರಿದಾಗ, ಮನೆಯ ಹಿರಿಯರು ತೀರಿಕೊಂಡಾಗಲೂ ಹೀಗಾಗಬಹುದು. 2020ರ ಲಾಕ್‌ಡೌನ್ ದಿನಗಳಲ್ಲಿ ಮನೆ ತುಂಬ ಜನರ ನಡುವೆ ಬೆಳೆದ ಮರಿಗಳು, ಮನೆಯವರೆಲ್ಲ ಕೆಲಸಕ್ಕೆ ಹೊರಟ ಮೇಲೆ ಹೀಗೇ ಕಂಗಾಲಾದವು.

ಮೊದಲು ಕಾರಣ ಪತ್ತೆ ಮಾಡಿ

ಬಾಗಿಲು ಕೆರೆಯುವ ನಾಯಿಗಳೆಲ್ಲ ಇದೇ ಕಾರಣಕ್ಕೆ ಕೆರೆಯುತ್ತವೆ ಎಂದಲ್ಲ. ಅದಕ್ಕೆ ಮೊದಲು ಒಂದು ದಿನ ಪತ್ತೇದಾರಿ ಕೆಲಸ ಮಾಡಿ. ಹಳೆಯ ಮೊಬೈಲ್ ಇದ್ದರೆ ಕಪಾಟಿನ ಮೇಲಿಟ್ಟು ರೆಕಾರ್ಡಿಂಗ್ ಹಚ್ಚಿ ಹೊರಗೆ ಹೋಗಿ. ಬಂದು ನೋಡಿದಾಗ ಎರಡು ಸಂಗತಿ ಗಮನಿಸಿ.

ಒಂದು, ಯಾವಾಗ ಶುರುವಾಯಿತು? ಅಗಲಿಕೆಯ ಭಯವಿದ್ದರೆ ಸಾಮಾನ್ಯವಾಗಿ ನೀವು ಹೋದ ಮೊದಲ ಅರ್ಧ ತಾಸಿನೊಳಗೇ, ಎಷ್ಟೋ ಸಲ ಬೀಗದ ಸದ್ದು ಮುಗಿಯುವುದರೊಳಗೇ ಗಲಾಟೆ ಶುರುವಾಗುತ್ತದೆ. ಮಧ್ಯಾಹ್ನದವರೆಗೆ ಮಲಗಿದ್ದು ಆಮೇಲೆ ಕೆರೆದರೆ ಕಾರಣ ಬೇರೆ. ಉಚ್ಚೆಗೆ ಅವಸರವಾಗಿರಬಹುದು. ಹಂಚಿನ ಮೇಲೆ ಮಂಗ ಬಂದಿರಬಹುದು. ಕಾಡಂಚಿನ ಊರಲ್ಲಿ ಅದೇನು ಅಪರೂಪವೇ? ಓಣಿಯಲ್ಲಿ ಹೆಣ್ಣು ನಾಯಿ ಬೆದೆಗೆ ಬಂದಿದ್ದರೆ ಗಂಡು ನಾಯಿಗೆ ಬಾಗಿಲೇ ಶತ್ರು. ಪಟಾಕಿ, ಗುಡುಗಿಗೆ ಹೆದರಿಯೂ ಕೆರೆಯಬಹುದು.

ಎರಡು, ಇಟ್ಟ ತಿಂಡಿ ತಿಂದಿದೆಯೇ? ಅದಕ್ಕೆ ಪ್ರಾಣವಾದ ತಿಂಡಿಯನ್ನೇ ಇಟ್ಟು ಹೋಗಿ. ತಿಂದು ಮುಗಿಸಿ ಆಮೇಲೆ ಕೆರೆದರೆ ಬಹುಶಃ ಬೇಸರ. ನೀವು ಬರುವವರೆಗೆ ಮೂಸಿಯೂ ನೋಡದೆ, ನೀವು ಬಂದ ಮೇಲೆ ಗಬಗಬ ತಿಂದರೆ ಅದು ಹೆದರಿಕೆ. ಗಂಟಲಲ್ಲಿ ದುಃಖ ಕಟ್ಟಿದಾಗ ನಮಗೆ ಒಂದು ತುತ್ತು ಇಳಿಯುತ್ತದೆಯೇ?

ಬೇಸರದ ನಾಯಿಗೆ ಮದ್ದು ಸುಲಭ: ಬೆಳಿಗ್ಗೆ ಒಳ್ಳೆಯ ಓಡಾಟ, ಬಾಯಿಗೆ ಕೆಲಸ. ನಿಮ್ಮದು ಮುಧೋಳ ನಾಯಿಯಾದರಂತೂ ಅದು ಬಯಲಲ್ಲಿ ಬೇಟೆ ಬೆನ್ನಟ್ಟಲೆಂದೇ ಬೆಳೆಸಿದ ತಳಿ. ಎರಡು ಕೋಣೆಯ ಮನೆಯಲ್ಲಿ ಓಡಾಟವಿಲ್ಲದೆ ಕೂಡಿಟ್ಟರೆ ಬಾಗಿಲ ಪಾಡು ಕೇಳಬೇಡಿ. ಹೆದರಿದ ನಾಯಿಗೆ ಮಾತ್ರ ಓಡಾಟ ಸಾಲದು. ಅದಕ್ಕೆ ಒಂಟಿಯಾಗಿರುವುದನ್ನು ಕಲಿಸಬೇಕು, ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ.

ಹೊಡೆದರೆ ಏನಾಗುತ್ತದೆ?

'ನೋಡ್ರಿ, ತಪ್ಪ ಮಾಡೇನಿ ಅಂತ ಅದಕ್ಕ ಗೊತ್ತೈತಿ. ಹೆಂಗ ಮಾರಿ ಸಣ್ಣದು ಮಾಡ್ಕೊಂಡೈತಿ!' ಈ ಮಾತು ನಾವೆಲ್ಲ ಆಡಿದವರೇ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. 14 ನಾಯಿಗಳು. ತಿಂಡಿ ಮುಟ್ಟಬೇಡ ಎಂದು ಹೇಳಿ ಒಡೆಯರು ಹೊರಗೆ ಹೋಗುವುದು, ಬಂದ ಮೇಲೆ 'ತಿಂದಿದೆ' ಎಂದು ಕೇಳಿದರೆ ಬೈಯುವುದು. ಕೆಲವು ಸಲ ಅವರಿಗೆ ಹೇಳಿದ್ದೇ ಸುಳ್ಳು. ಫಲಿತಾಂಶ? ನಾಯಿಯ ಆ 'ತಪ್ಪಿತಸ್ಥ' ಮುಖಕ್ಕೂ ಅದು ತಪ್ಪು ಮಾಡಿದ್ದಕ್ಕೂ ಸಂಬಂಧವೇ ಕಾಣಲಿಲ್ಲ. ಬೈಸಿಕೊಂಡಾಗ ಮುಖ ಸಣ್ಣದಾಗುತ್ತಿತ್ತು. ತಿಂಡಿ ಮುಟ್ಟದ ನಾಯಿಗಳೂ ಬೈಗುಳಕ್ಕೆ ಹಾಗೇ ಕುಗ್ಗಿದವು.

ಅಂದರೆ ಬೆಳಿಗ್ಗೆ ಹತ್ತಕ್ಕೆ ಕೆರೆದದ್ದಕ್ಕೆ ಸಂಜೆ ಐದಕ್ಕೆ ಹೊಡೆದರೆ ಮೋತಿಗೆ ತಿಳಿಯುವುದು ಒಂದೇ: ಅಮ್ಮ ಹೋದರೆ ಭಯ, ಅಮ್ಮ ಬಂದರೆ ಏಟು. ನಾಳೆ ಅದು ಇನ್ನಷ್ಟು ಹೆದರುತ್ತದೆ, ಬಾಗಿಲು ಇನ್ನಷ್ಟು ಗೀರು ಕಾಣುತ್ತದೆ.

ಹಾಗೆಯೇ ಓಣಿಯಲ್ಲಿ ಸಿಗುವ ಪುಕ್ಕಟೆ ಸಲಹೆಗಳಿಗೂ ಕಿವಿಗೊಡಬೇಡಿ. 'ಬಾಗಲಕ್ಕ ಖಾರದಪುಡಿ ಹಚ್ಚ್ರಿ' ಎನ್ನುತ್ತಾರೆ. ಅದು ಕಾಲಿಗೆ ಮೆತ್ತಿ ಕಣ್ಣಿಗೆ, ಸೀಳಿದ ಉಗುರಿಗೆ ಹೋದರೆ ಗತಿಯೇನು? ಫಿನಾಯಿಲ್, ಸೀಮೆಎಣ್ಣೆ ನೆಕ್ಕಿದರೆ ವಿಷ. ಸರಪಳಿ ಹಾಕಿ ಕಟ್ಟಿದರೆ, ಪಂಜರದಲ್ಲಿ ಕೂಡಿದರೆ ಭಯ ಬಿಡುವುದಿಲ್ಲ. ಬಾಗಿಲ ಬದಲು ಪಂಜರದ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುವ ನಾಯಿಗಳಿವೆ. ಜೊತೆಗಿರಲಿ ಅಂತ ಇನ್ನೊಂದು ನಾಯಿ ತಂದರೂ ಬಹಳ ಸಲ ಪ್ರಯೋಜನವಿಲ್ಲ. ಅದು ಹುಡುಕುತ್ತಿರುವುದು ನಾಯಿಯನ್ನಲ್ಲ, ನಿಮ್ಮನ್ನು.

ಮಾಲಕಿಯ ಹತ್ತಿರ ನೀವೇ ಹೋಗಿ

ನಾಯಿಗೆ ಕಲಿಸಲು ವಾರಗಟ್ಟಲೆ ಬೇಕು. ಅಲ್ಲಿಯತನಕ ಮನೆ ಉಳಿಯಬೇಕಲ್ಲ? ಆದ್ದರಿಂದ ಮೊದಲ ಮಾತು ಮಾಲಕಿಯ ಜೊತೆ.

ಅವರ ಸಿಟ್ಟನ್ನು ಅರ್ಥ ಮಾಡಿಕೊಳ್ಳಿ. ಕಲಘಟಗಿ ಅಂದರೆ ಬಣ್ಣದ ಮರದ ತೊಟ್ಟಿಲಿಗೆ ಹೆಸರಾದ ಊರು. ಈ ಸೀಮೆಯಲ್ಲಿ ಮರದ ಬೆಲೆ ಹೇಳಿಕೊಡಬೇಕಿಲ್ಲ. ಮೇಲಾಗಿ ಅದು ಬರೀ ಹಲಗೆಯೂ ಅಲ್ಲ. ಅವರು ಸೊಸೆಯಾಗಿ ಸೇರಕ್ಕಿ ಒದ್ದು ಒಳಗೆ ಬಂದ ಬಾಗಿಲು. ದಿನಾ ಹೊಸ್ತಿಲು ಸಾರಿಸಿ, ಅರಿಷಿಣ ಕುಂಕುಮ ಇಟ್ಟು ಕೈಮುಗಿದ ಬಾಗಿಲು. 'ಬರೇ ಒಂದೆರಡು ಗೀರಲ್ರೀ' ಎಂದುಬಿಟ್ಟರೆ ಅವರಿಗೆ ನೋವಾಗದೇ ಇರುತ್ತದೆಯೇ?

ಅವರು ಬರುವ ಮೊದಲೇ ನೀವು ಹೋಗಿ. 'ಅಮ್ಮಾ, ಬಾಗಲಕ್ಕ ಪೆಟ್ಟಾಗೈತಿ, ಬಂದು ನೋಡ್ರಿ. ಬಿಡೂ ಮುಂದ ಬಡಿಗ್ಯಾರನ್ನ ಕರಿಸಿ ನಾನ ಸರಿ ಮಾಡಿಸಿ ಕೊಡ್ತೇನಿ. ನಾಯಿಗೂ ಕಲಸಾಕ ಹತ್ತೇನಿ, ಎರಡು ತಿಂಗಳ ಟೈಮ್ ಕೊಡ್ರಿ' ಎನ್ನಿ. ಮುಚ್ಚಿಟ್ಟ ಗೀರಿಗಿಂತ ತೋರಿಸಿದ ಗೀರು ಚಿಕ್ಕದಾಗಿ ಕಾಣುತ್ತದೆ. ಜೊತೆಗೆ ರೇಬಿಸ್ ಲಸಿಕೆಯ ಚೀಟಿಯನ್ನೂ ತೋರಿಸಿ. ಮೊಮ್ಮಕ್ಕಳಿರುವ ಮನೆಯವರಿಗೆ ಅದೊಂದು ಧೈರ್ಯ.

ಕಾನೂನು ಏನೆನ್ನುತ್ತದೆ ಎಂಬುದೂ ಗೊತ್ತಿರಲಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಇಟ್ಟುಕೊಂಡು ಹಿಂತಿರುಗಿಸಬೇಕು. ಸಹಜ ಸವಕಳಿಗೆ ರಿಯಾಯಿತಿಯಿದೆ. ನಾಯಿಯ ಗೀರನ್ನು ಸಹಜ ಸವಕಳಿ ಎಂದು ವಾದಿಸುವುದು ಕಷ್ಟ, ದುರಸ್ತಿಯ ಖರ್ಚು ನಿಮ್ಮ ತಲೆಗೇ ಬರುತ್ತದೆ. ನಾಯಿ ಸಾಕುವುದನ್ನು ಅಪಾರ್ಟ್‌ಮೆಂಟ್ ಸಂಘಗಳು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ ನಿಜ. ಅದು ಬಾಗಿಲು ಹಾಳು ಮಾಡಲು ಕೊಟ್ಟ ಪರವಾನಗಿಯಲ್ಲ. ಮನೆ ಹಿಡಿಯುವಾಗಲೇ ಬಾಗಿಲು, ಚೌಕಟ್ಟಿನ ಫೋಟೊ ತೆಗೆದಿಡಿ. ನಾಯಿ ಇರುವ ಸಂಗತಿ, ದುರಸ್ತಿಯ ಮಾತು ಎರಡನ್ನೂ ಕರಾರು ಪತ್ರದಲ್ಲಿ ಬರೆಸಿ. ಮುಂದೆ ಡಿಪಾಜಿಟ್ ವಾಪಸ್ ಕೇಳುವಾಗ ಜಗಳವಿರುವುದಿಲ್ಲ.

ಬಾಗಿಲಿಗೊಂದು ಕವಚ

ಕಲಿಕೆ ಮುಗಿಯುವವರೆಗೆ ಬಾಗಿಲನ್ನು ಉಳಿಸಿಕೊಳ್ಳುವುದು ಹೇಗೆ? ಬಾಗಿಲಿನ ಅಗಲಕ್ಕೆ, ನಾಯಿ ಎದ್ದು ನಿಂತರೆ ಮುಂಗಾಲು ಮುಟ್ಟುವ ಎತ್ತರಕ್ಕಿಂತ ಒಂದು ಗೇಣು ಹೆಚ್ಚು ಬರುವಂತೆ ತೆಳು ಪ್ಲೈವುಡ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ. ಅಂಚನ್ನು ಉಜ್ಜಿ ನುಣುಪು ಮಾಡಿ. ಮೇಲೆ ಎರಡು ತೂತು ಕೊರೆದು ಬಾಗಿಲಿನ ಚಿಲಕಕ್ಕೋ ಹಿಡಿಕೆಗೋ ಹಗ್ಗದಿಂದ ಬಿಗಿಯಾಗಿ ಕಟ್ಟಿ. ಮಾಲಕರ ಬಾಗಿಲಿಗೆ ಮೊಳೆ ಹೊಡೆಯಬೇಡಿ. ತಗಡು ಬೇಡ, ಅದರ ಅಂಚು ಕಾಲು ಕೊಯ್ಯುತ್ತದೆ. ದನದ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟಿನ ತುಂಡು ಸಿಕ್ಕರೆ ಹೊಸ್ತಿಲ ಒಳಗೆ ಹಾಸಿ. ನೆಲ, ಉಗುರು ಎರಡಕ್ಕೂ ಕ್ಷೇಮ.

ಉಗುರು ಉದ್ದ ಬೆಳೆದಿದ್ದರೆ ತುದಿಯನ್ನಷ್ಟೇ ಕತ್ತರಿಸಿ. ಒಳಗೆ ರಕ್ತನಾಳ ಇರುತ್ತದೆ. ಕಪ್ಪು ಉಗುರಿನಲ್ಲಿ ಅದು ಕಾಣುವುದಿಲ್ಲ. ಅಭ್ಯಾಸವಿಲ್ಲದಿದ್ದರೆ ಪಶು ಆಸ್ಪತ್ರೆಯಲ್ಲಿ ಮಾಡಿಸಿ.

ಆಗಿರುವ ಗೀರು ಮೇಲಿಂದ ಮೇಲಿನದಾದರೆ ಉಪ್ಪುಕಾಗದದಿಂದ, ಅಂದರೆ ಸ್ಯಾಂಡ್ ಪೇಪರಿನಿಂದ, ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ. ಅಡ್ಡ ಉಜ್ಜಿದರೆ ಹೊಸ ಗೀರು ಬೀಳುತ್ತದೆ. ಮೊದಲು ಒರಟು, ಆಮೇಲೆ ನಯದ ಕಾಗದ. ಧೂಳು ಒರೆಸಿ, ಅದೇ ಬಣ್ಣದ ವಾರ್ನಿಶ್ ಹಚ್ಚಿ. ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ಬಣ್ಣ ಹೊಂದುತ್ತದೆಯೇ ನೋಡಿಕೊಳ್ಳಿ. ಆಳವಾದ ಗೀರಿಗೆ ಮರದ ಪುಟ್ಟಿ ತುಂಬಬೇಕು, ಅದು ಬಡಿಗ್ಯಾರ ಕೆಲಸ. ಆದರೆ ಇದೆಲ್ಲ ನಾಯಿ ಕೆರೆಯುವುದನ್ನು ಬಿಟ್ಟ ಮೇಲೆ. ಮೊದಲೇ ಮಾಡಿಸಿದರೆ ದುಡ್ಡು ದಂಡ.

ನೆನಪಿಡಿ, ಕವಚ ಬಾಗಿಲನ್ನಷ್ಟೇ ಉಳಿಸುತ್ತದೆ. ಒಳಗಿನ ಹೆದರಿಕೆ ಇದ್ದಲ್ಲೇ ಇರುತ್ತದೆ. ಈಗ ಅಸಲು ಕೆಲಸಕ್ಕೆ ಬರೋಣ.

ಒಂಟಿತನದ ಬಳ್ಳಿ-ಅಕ್ಷರ

ಮೊದಲ ಪಾಠ, ಕೌದಿ. ನೀವು ಹೊದ್ದು ಹಳತಾದ, ನಿಮ್ಮ ಮೈವಾಸನೆ ಇರುವ ಕೌದಿಯೊಂದನ್ನು ಪಡಸಾಲೆಯಲ್ಲಿ ಬಾಗಿಲಿನಿಂದ ದೂರ ಹಾಸಿ. ಮೋತಿ ತಾನಾಗಿ ಅದರ ಮೇಲೆ ಮಲಗಿದಾಗ ಸದ್ದಿಲ್ಲದೆ ಹೋಗಿ ಒಂದು ತುಣುಕು ತಿಂಡಿ ಮುಂದಿಡಿ. ದಿನಕ್ಕೆ ಹತ್ತು ಸಲವಾದರೂ ಆದೀತು. ನೀವು ರೊಟ್ಟಿ ಬಡಿಯುವಾಗ ಅದು ಅಡುಗೆ ಮನೆಯ ಹೊಸ್ತಿಲಾಚೆ ಕೌದಿಯ ಮೇಲಿದ್ದು ನಿಮ್ಮನ್ನು ನೋಡುತ್ತ ಮಲಗುವುದನ್ನು ಕಲಿಯಲಿ. ಮನೆಯೊಳಗೇ ನಾಲ್ಕು ಮಾರು ದೂರವಿರಲಾರದ ನಾಯಿ, ನೀವು ಶಾಲೆಗೆ ಹೋದರೆ ಹೇಗೆ ತಾನೆ ಇದ್ದೀತು?

ಎರಡನೇ ಪಾಠ, ಸುಳ್ಳು ಹೊರಡುವಿಕೆ. ನಿಮ್ಮ ಕೈಯಲ್ಲಿ ಬೀಗದ ಕೈ ಸದ್ದಾದರೆ ಸಾಕು, ಮೋತಿಗೆ ನಡುಕ. ಜಡೆ ಹಾಕಿ, ಬ್ಯಾಗ್ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟುವ ಆ ಕ್ರಮವೆಲ್ಲ ಅದಕ್ಕೆ ಬಾಯಿಪಾಠ. ಅದನ್ನು ಕಲಸಿಬಿಡಿ. ಬೀಗದ ಕೈ ಎತ್ತಿಕೊಂಡು ಕುಳಿತು ಅಕ್ಕಿ ಆರಿಸಿ. ಬ್ಯಾಗ್ ಹಾಕಿಕೊಂಡು ಟಿ.ವಿ. ನೋಡಿ. ಚಪ್ಪಲಿ ಮೆಟ್ಟಿ ಹಿತ್ತಲಿಗೆ ಹೋಗಿ ಬನ್ನಿ. ದಿನವೂ ಕೆಲವು ಸಲ ಹೀಗೆ ಮಾಡಿದರೆ 'ಬೀಗದ ಕೈ ಅಂದರೆ ಅಮ್ಮ ಹೋದಳು' ಎಂಬ ಲೆಕ್ಕ ಅದರ ತಲೆಯಿಂದ ನಿಧಾನಕ್ಕೆ ಅಳಿಯುತ್ತದೆ.

ಮೂರನೇ ಪಾಠ, ಬಾಗಿಲು. ಬಾಗಿಲ ಹತ್ತಿರ ಹೋಗಿ ವಾಪಸ್ ಬನ್ನಿ. ಚಿಲಕ ಮುಟ್ಟಿ ಬನ್ನಿ. ತೆರೆದು ಮುಚ್ಚಿ ಬನ್ನಿ. ಆಮೇಲೆ ಹೊರಗೆ ಹೆಜ್ಜೆಯಿಟ್ಟು, ಬಾಗಿಲು ಹಾಕಿ, ಒಂದೇ ಸೆಕೆಂಡಿಗೆ ಒಳಗೆ ಬನ್ನಿ. ಹೌದು, ಒಂದೇ ಸೆಕೆಂಡ್! ನಗು ಬರಬಹುದು, ಆದರೆ ಮೆಟ್ಟಿಲು ಶುರುವಾಗುವುದೇ ಇಲ್ಲಿ. ಮೂರು ಸೆಕೆಂಡ್, ಐದು, ಎರಡು, ಎಂಟು, ಹದಿನೈದು. ಏರಿಸುತ್ತಲೇ ಹೋಗಬೇಡಿ, ನಡುನಡುವೆ ಇಳಿಸಿ. ಹೊರಗಿದ್ದು ಮನಸ್ಸಲ್ಲೇ ಎಣಿಸಿ. ಅದು ಅಳುವ, ಕೆರೆಯುವ ಮೊದಲೇ ಒಳಗೆ ಬರುವುದು ಇಲ್ಲಿನ ಗುಟ್ಟು. ಕೆರೆದೇಬಿಟ್ಟರೆ ಬೈಯಬೇಡಿ. ನೀವು ಮೆಟ್ಟಿಲು ಹಾರಿದಿರಿ ಅಂತ ಅರ್ಥ. ಮರುದಿನ ಹಿಂದಿನ ಮೆಟ್ಟಿಲಿನಿಂದ ಶುರು ಮಾಡಿ.

ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷದ ಅಭ್ಯಾಸ ಸಾಕು. ಸೆಕೆಂಡುಗಳಿಂದ ನಿಮಿಷಕ್ಕೆ ಬರುವುದು ಬಹಳ ನಿಧಾನ. ಮೊದಲ ಅರ್ಧ, ಮುಕ್ಕಾಲು ತಾಸು ದಾಟಿಸುವುದೇ ದೊಡ್ಡ ಘಟ್ಟ. ಅಷ್ಟು ಹೊತ್ತು ಆರಾಮಾಗಿ ಮಲಗುವ ನಾಯಿಗೆ ಆಮೇಲೆ ಹೆಚ್ಚಿನ ಹೊತ್ತು ಕಲಿಸುವುದು ಬೇಗ ಆಗುತ್ತದೆ. ಕೆಲವು ನಾಯಿಗಳಿಗೆ ಕೆಲವು ವಾರ, ಕೆಲವಕ್ಕೆ ತಿಂಗಳುಗಳೇ ಬೇಕು. ಒಂದೇ ದಿನದಲ್ಲಿ ಬಿಡಿಸುತ್ತೇನೆ ಎನ್ನುವವರ ಮಾತು ನಂಬಬೇಡಿ.

ಹೋಗುವಾಗ 'ಬರ್ತೇನಿ ಬಂಗಾರಾ, ಅಳಬ್ಯಾಡ' ಅಂತ ಅಪ್ಪಿ ಮುದ್ದಾಡುವುದು ಬೇಡ. ಬಂದಾಗಲೂ ಅಷ್ಟೇ, ಒಂದು ಮೆಲುಮಾತು, ತಲೆಯ ಮೇಲೊಮ್ಮೆ ಕೈ. ಹೋಗುವುದೂ ಬರುವುದೂ ದೊಡ್ಡ ಸಂಗತಿಯಲ್ಲ ಎಂಬುದು ನಿಮ್ಮ ನಡವಳಿಕೆಯಿಂದಲೇ ಅದಕ್ಕೆ ತಿಳಿಯಬೇಕು.

ಹಾಗಾದರೆ ಶಾಲೆಗೆ ಹೋಗುವುದು ಹೇಗೆ?

ಇಲ್ಲಿಯೇ ಬಹಳ ಮಂದಿ ಸೋಲುವುದು. ಬೆಳಿಗ್ಗೆ ಹತ್ತು ಸೆಕೆಂಡಿನ ಪಾಠ ಕಲಿಸಿ, ಹತ್ತು ಗಂಟೆಗೆ ಆರು ತಾಸು ಕೂಡಿಹಾಕಿ ಹೋದರೆ ಕಲಿತದ್ದೆಲ್ಲ ನೀರಿನಲ್ಲಿ ಹೋಮ. ಕಲಿಯುವ ಅವಧಿಯಲ್ಲಿ ತಾಳಿಕೊಳ್ಳುವುದಕ್ಕಿಂತ ಹೆಚ್ಚು ಹೊತ್ತು ಅದು ಒಂಟಿಯಾಗಿರಬಾರದು.

ಪಟ್ಟಣದಲ್ಲಿ ಇದು ಕಷ್ಟ. ಹಳ್ಳಿಯಲ್ಲಿ ದಾರಿಯಿದೆ. ಓಣಿಯ ಕಟ್ಟೆಯ ಮೇಲೆ ಹಗಲಿಡೀ ಯಾರಾದರೂ ಇದ್ದೇ ಇರುತ್ತಾರೆ. ಶೇಂಗಾ ಸುಲಿಯುವ ಅಜ್ಜಿ, ಕೌದಿ ಹೊಲಿಯುವ ಅಕ್ಕ. ಅವರ ಪಕ್ಕದಲ್ಲಿ ಮೋತಿ ಮಲಗಲಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದು ಹೋಗಲು ಆಗುತ್ತದೆಯೇ ನೋಡಿ. ಮಾಲಕಿಯನ್ನೇ ಕೇಳಿ ನೋಡಬಾರದೇಕೆ? 'ಅಮ್ಮಾ, ಒಂದ ತಿಂಗಳ ಹಗಲೊತ್ತು ನಿಮ್ಮ ಕಟ್ಟಿ ಮ್ಯಾಲೆ ಇರಲೇನ್ರಿ?' ಬಾಗಿಲು ಕೆರೆಯುವ ನಾಯಿಯ ಮೇಲೆ ಸಿಟ್ಟು ಬಂದವರಿಗೆ, ಕಾಲಬುಡದಲ್ಲಿ ಸುಮ್ಮನೆ ಮಲಗಿದ ನಾಯಿಯ ಮೇಲೆ ಅದೇ ಸಿಟ್ಟು ಬಹಳ ದಿನ ಉಳಿಯುವುದಿಲ್ಲ. ಆದರೆ ಬಿಡುಬೀಸು ಬಿಡಬೇಡಿ. ಹೆದ್ದಾರಿಯಲ್ಲಿ ಲಾರಿ, ಕಾಡಿನ ಕಡೆ ಚಿರತೆ. ಜೊತೆಗೆ ಜನರಿದ್ದಾಗ ಉದ್ದನೆಯ ಹಗ್ಗವಿರಲಿ, ನೆರಳಿರಲಿ, ನೀರಿರಲಿ.

ಪಾಠ ಶುರು ಮಾಡಲು ದಸರಾ ರಜೆ ಅಥವಾ ಬೇಸಿಗೆ ರಜೆ ಒಳ್ಳೆಯ ಕಾಲ. ಒಂದು ಎಚ್ಚರಿಕೆ: ರಜೆಯಲ್ಲಿ ಇಡೀ ದಿನ ಅದರ ಜೊತೆಗೇ ಇದ್ದು, ಶಾಲೆ ತೆರೆದ ದಿನ ಒಮ್ಮೆಲೇ ಬಿಟ್ಟು ಹೋದರೆ ಹಳೆಯ ಭಯ ಮರುಕಳಿಸುತ್ತದೆ. ರಜೆಯಲ್ಲೂ ದಿನಕ್ಕೊಮ್ಮೆ ಅದನ್ನು ಬಿಟ್ಟು ಅಂಗಡಿಗೋ ಗುಡಿಗೋ ಹೋಗಿ ಬರುವ ರೂಢಿ ತಪ್ಪಿಸಬೇಡಿ.

ಬೆಳಿಗ್ಗೆ ಹೊರಡುವ ಮುಂಚೆ ಅರ್ಧ ತಾಸು ತಿರುಗಾಡಿಸಿ. ಅವಸರದ ನಡಿಗೆ ಬೇಡ, ಮೂಸಲು ಬಿಡಿ. ಮೂಸಾಟ ನಾಯಿಗೆ ನಮ್ಮ ಪೇಪರ್ ಓದಿದ ಹಾಗೆ, ಮಿದುಳಿಗೆ ಕೆಲಸ. ಬಂದ ಮೇಲೆ ಉಣ್ಣೆ ಹತ್ತಿದೆಯೇ ಎಂದು ಕಿವಿ, ಬೆರಳ ಸಂದು ನೋಡಿ.

ಬಾಯಿಗೆ ಕೆಲಸ

ಐದು ಹತ್ತು ನಿಮಿಷ ಒಂಟಿಯಾಗಿರಲು ಕಲಿತ ನಾಯಿಗೆ ತಿಂಡಿಯ ಆಟ ಬಹಳ ಸಹಾಯ ಮಾಡುತ್ತದೆ. ಹಳೆಯ ಟವೆಲಿನಲ್ಲಿ ಜೋಳದ ರೊಟ್ಟಿಯ ಚೂರುಗಳನ್ನು ಸುತ್ತಿ ಕೊಡಿ, ಬಿಡಿಸುತ್ತ ಕೂರುತ್ತದೆ. ಫ್ರಿಜ್ ಇದ್ದರೆ ಉಪ್ಪಿಲ್ಲದ ಮೊಸರನ್ನವನ್ನು ಅಂಚಿರುವ ಸ್ಟೀಲ್ ತಟ್ಟೆಗೆ ತೆಳ್ಳಗೆ ಬಳಿದು ಗಟ್ಟಿ ಮಾಡಿ ಕೊಡಿ. ನೆಕ್ಕುವ ಕೆಲಸವೇ ಅದಕ್ಕೆ ಸಮಾಧಾನ. ಮೊದಲ ಸಲ ನೀವಿದ್ದಾಗಲೇ ಕೊಟ್ಟು, ಬಟ್ಟೆ ನುಂಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಪಲ್ಯ ಸವರಿದ ರೊಟ್ಟಿ ಮಾತ್ರ ಬೇಡ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಕೇಡು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿಯೂ ವಿಷ. ಬೇಯಿಸಿದ ಎಲುಬು ಸಿಬಿರಾಗಿ ಗಂಟಲು, ಕರುಳಿಗೆ ಚುಚ್ಚುತ್ತದೆ.

ವೈದ್ಯರು ಯಾವಾಗ?

ಉಗುರು ಕಿತ್ತುಕೊಳ್ಳುವಷ್ಟು, ಕಿಟಕಿಯಿಂದ ಹಾರುವಷ್ಟು ಭಯವಿದ್ದರೆ, ಒಂದು ಸೆಕೆಂಡಿನ ಪಾಠಕ್ಕೂ ನಡುಗಿದರೆ, ತಡ ಮಾಡದೆ ಪಶುವೈದ್ಯರಿಗೆ ತೋರಿಸಿ. ಮುದಿ ನಾಯಿ ಇದ್ದಕ್ಕಿದ್ದಂತೆ ಹೀಗೆ ಶುರು ಮಾಡಿದರೆ ಕಣ್ಣು ಕಿವಿ ಮಂದವಾಗಿರಬಹುದು, ಎಲ್ಲೋ ನೋವಿರಬಹುದು, ಅದನ್ನೂ ನೋಡಿಸಬೇಕು. ಮೊಬೈಲಿನ ರೆಕಾರ್ಡಿಂಗ್ ಜೊತೆಗೆ ಒಯ್ಯಿರಿ. ಹತ್ತು ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ಈ ಭಯಕ್ಕೆ ಔಷಧವಿದೆ. ಕ್ಲೋಮಿಪ್ರಮಿನ್ ಮತ್ತು ಫ್ಲೂಆಕ್ಸೆಟಿನ್ ಎಂಬ ಎರಡು ಮದ್ದುಗಳಿಗೆ ನಾಯಿಗಳ ಅಗಲಿಕೆಯ ಭಯಕ್ಕೆಂದೇ ಅಮೆರಿಕದಲ್ಲಿ 1998 ಮತ್ತು 2007ರಲ್ಲಿ ಅನುಮತಿ ಸಿಕ್ಕಿದೆ. ಇವು ನಿದ್ದೆ ಬರಿಸುವ ಗುಳಿಗೆಗಳಲ್ಲ, ಪರಿಣಾಮ ಕಾಣಲು ಕೆಲವು ವಾರ ಬೇಕು, ಪಾಠದ ಜೊತೆಗೇ ಕೊಡಬೇಕು. ವೈದ್ಯರು ಬರೆದುಕೊಟ್ಟರೆ ಮಾತ್ರ. ನಿಮ್ಮ ಮನೆಯ ಗುಳಿಗೆ ಡಬ್ಬಿಯಿಂದ ಯಾವುದನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್ ಕೂಡ ನಾಯಿಗೆ ಅಪಾಯ.

'ಎಲ್ಲಾರ ಬಿಟ್ಟ ಬಂದಬಿಡ್ರಿ'

ಕೊನೆಗೆ ಈ ಮಾತಿಗೂ ಉತ್ತರ ಹೇಳಲೇಬೇಕು. ಏಕೆಂದರೆ ಬಾಡಿಗೆ ಮನೆಯ ನಾಯಿಗೆ ಬಾಗಿಲ ಗೀರು ಎಷ್ಟೋ ಸಲ ಊರು ಬಿಡುವ ಚೀಟಿಯಾಗುತ್ತದೆ. ಚೀಲದಲ್ಲಿ ಹಾಕಿ, ಗಾಡಿಯಲ್ಲಿ ಒಯ್ದು, ಕಾಡಂಚಿನಲ್ಲಿ ಬಿಟ್ಟು ಬಂದರೆ ಆಯಿತಲ್ಲ ಎನ್ನುವವರು ಸಿಗುತ್ತಾರೆ. ಮನೆಯೊಳಗೆ ಆರು ತಾಸು ಒಂಟಿಯಾಗಿರಲಾರದ ಜೀವ ಅದು. ರಾತ್ರಿ ಕಾಡಿನಲ್ಲಿ ಏನು ಮಾಡೀತು? ಊರ ನಾಯಿಗಳು ಸೇರಿಸುವುದಿಲ್ಲ, ಬೇಟೆ ಗೊತ್ತಿಲ್ಲ, ಚಿರತೆಗೆ ನಾಯಿ ಸುಲಭದ ತುತ್ತು.

ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಆ ಕಲಮು ಹೇಳುವ ದಂಡ ಎಷ್ಟು ಗೊತ್ತೇ? ಹತ್ತರಿಂದ ಐವತ್ತು ರೂಪಾಯಿ! ಆದ್ದರಿಂದ ದಂಡದ ಭಯ ಹೇಳಿ ಪ್ರಯೋಜನವಿಲ್ಲ. ಹೇಳಬೇಕಾದ್ದು ಇಷ್ಟೇ: ನಿಮ್ಮಿಂದ ನಿಜವಾಗಿಯೂ ಆಗದಿದ್ದರೆ, ಹಗಲಿಡೀ ಜನರಿರುವ ಮನೆ, ಗೊತ್ತಿರುವವರ ಹೊಲದ ಮನೆ ಹುಡುಕಿ, ನಾಲ್ಕು ಸಲ ಹೋಗಿ ಬಂದು ರೂಢಿ ಮಾಡಿಸಿ ಒಪ್ಪಿಸಿ. ಅದು ಬಿಟ್ಟು ಬರುವುದಲ್ಲ, ಕಳಿಸಿಕೊಡುವುದು. ಎರಡಕ್ಕೂ ಅಜಗಜಾಂತರ.

ಆದರೆ ಅಲ್ಲಿಯತನಕ ಹೋಗುವ ಮೊದಲು ಎರಡು ತಿಂಗಳು ಪ್ರಯತ್ನಿಸಿ ನೋಡಿ.

ಇವು ನೆನಪಿರಲಿ

* ಬಾಗಿಲು ಕೆರೆಯುವುದು ಸೇಡಲ್ಲ. ಏಟು ಭಯವನ್ನು ಹೆಚ್ಚಿಸುತ್ತದೆ.
* ಮೊದಲು ರೆಕಾರ್ಡಿಂಗ್, ಆಮೇಲೆ ತೀರ್ಮಾನ.
* ಮಾಲಕರು ಕೇಳುವ ಮೊದಲೇ ನೀವೇ ಹೇಳಿ, ದುರಸ್ತಿಯ ಮಾತು ಕೊಡಿ.
* ಬಾಗಿಲಿಗೆ ಕವಚ ಕಟ್ಟಿ, ಮೊಳೆ ಬೇಡ. ಖಾರದಪುಡಿ ಬೇಡವೇ ಬೇಡ.
* ಒಂದು ಸೆಕೆಂಡಿನಿಂದ ಶುರು. ಅಳುವ ಮೊದಲೇ ವಾಪಸ್.
* ಕಲಿಯುವಷ್ಟು ದಿನ ಹಗಲು ಯಾರಾದರೂ ಜೊತೆಗಿರಲಿ.
* ಮರಿ ತಂದಿದ್ದರೆ ಮೊದಲ ವಾರದಿಂದಲೇ ಆಗಾಗ ಎರಡು ಮೂರು ನಿಮಿಷ ಒಂಟಿಯಾಗಿ ಬಿಡುವ ರೂಢಿ ಮಾಡಿ. ಮುಂದೆ ಈ ಪಾಠವೇ ಬೇಕಾಗಲಿಕ್ಕಿಲ್ಲ.

ಮುಂದೊಂದು ಬೆಳಿಗ್ಗೆ ನೀವು ಬ್ಯಾಗ್ ಹೆಗಲಿಗೇರಿಸಿ, ಬೀಗದ ಕೈ ಎತ್ತಿಕೊಳ್ಳುತ್ತೀರಿ. ಮೋತಿ ಕೌದಿಯ ಮೇಲಿಂದ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಮೂತಿಯನ್ನು ಕಾಲ ನಡುವೆ ಇಟ್ಟು ಮಲಗುತ್ತದೆ. ಅಂದು ಬಡಿಗ್ಯಾರಿಗೆ ಹೇಳಿ ಕಳಿಸಿ, ಕವಚ ಬಿಚ್ಚಿಸಿ, ಗೀರು ಉಜ್ಜಿಸಿ ವಾರ್ನಿಶ್ ಮಾಡಿಸಿ. ಆಮೇಲೆ ಮಾಲಕಿಯನ್ನು ಚಹಾಕ್ಕೆ ಕರೆಯಿರಿ. ಬಾಗಿಲ ಮುಂದೆ ನಿಂತು ಕೈಯಾಡಿಸಿ ನೋಡಲಿ, ಕೊಟ್ಟ ಮಾತು ಉಳಿಸಿಕೊಂಡಿದ್ದೀರಿ ಅಂತ ಅವರಿಗೂ ಗೊತ್ತಾಗಲಿ.